ಮಗುವಿನ ಬಲಗೈ, ನನ್ನ ಸಹಿ

ಮೂರು ತಿಂಗಳ ಹಿಂದೆ ಒಬ್ಬರು ಲೇಡಿ ಡಾಕ್ಟರಿಗೆ ಲಾಯರ್ ನೋಟಿಸ್ ಬರೆದೆ. ಐದು ಪುಟ. ನಂಜನಗೂಡಿನ ಕೋರ್ಟಿನಲ್ಲಿ ಸೀರೆಯ ಮೇಲೆ ಕರಿಕೋಟು ಹಾಕಿಕೊಂಡು ಇಪ್ಪತ್ತೆರಡು ವರ್ಷದಿಂದ ಓಡಾಡುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಬರೆದ ನೋಟಿಸುಗಳಲ್ಲೆಲ್ಲ ಅದೇ ಫಸ್ಟ್ ಕ್ಲಾಸ್. ಒಂದೊಂದು ಪ್ಯಾರಾ ಓದಿಕೊಂಡಾಗಲೂ ನನಗೇ ಖುಷಿಯಾಗುತ್ತಿತ್ತು. (ಸಿಟ್ಟು ಬಂದಾಗ ನನ್ನ ಭಾಷೆ ಸುಧಾರಿಸುತ್ತದೆ ಅಂತ ಮನೆಯವರ ಅಭಿಪ್ರಾಯ.)

ಆ ನೋಟಿಸು ಇವತ್ತಿಗೂ ನನ್ನ ಬೀರುವಿನಲ್ಲೇ ಇದೆ. ಕಳಿಸಲಿಲ್ಲ. ಯಾಕೆ ಕಳಿಸಲಿಲ್ಲ ಅಂತ ಹೇಳಿದರೆ ನನ್ನ ಮಾನ ಹೋಗುತ್ತದೆ. ಆದರೂ ಹೇಳುತ್ತೇನೆ. ಈ ಅಂಕಣದಲ್ಲಿ ವಾರ ವಾರ ಬೇರೆಯವರ ಮಾನವನ್ನೇ ಎಷ್ಟು ಅಂತ ಹರಾಜು ಹಾಕುವುದು?

ವಿಷಯ ನನ್ನ ಅಕ್ಕನ ಮಗಳು ಚೈತ್ರಳದು. ಅಕ್ಕ ಮಹದೇವಮ್ಮ ಇರುವುದು ಬಿಳಿಗೆರೆಯಲ್ಲಿ. ಚೈತ್ರಳನ್ನು ಕೊಟ್ಟಿರುವುದು ಟಿ. ನರಸೀಪುರದ ಪಕ್ಕದ ಹಳ್ಳಿಗೆ. ಗಂಡ ಶಿವಕುಮಾರ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುವ, ಹೆಂಡತಿಗೆ ಹೆದರುವ ಒಳ್ಳೆಯ ಹುಡುಗ. ಮೊದಲ ಹೆರಿಗೆ ತವರಿನದ್ದು ಅನ್ನುವ ನಮ್ಮ ಕಡೆಯ ಕಾನೂನಿನಂತೆ ಚೈತ್ರ ಏಳನೇ ತಿಂಗಳಲ್ಲೇ ಅಕ್ಕನ ಮನೆಗೆ ಬಂದಳು. ನಂಜನಗೂಡಿನ ಒಂದು ಆಸ್ಪತ್ರೆಯಲ್ಲಿ ತೋರಿಸುತ್ತಿದ್ದರು.

ಹೆರಿಗೆಯ ದಿನ ನಾನು ಕೋರ್ಟಿನಲ್ಲಿದ್ದೆ. ಗಡಿ ತಕರಾರಿನ ಕೇಸು, ಎದುರು ಪಾರ್ಟಿಯ ಸಾಕ್ಷಿಯನ್ನು ಹಿಡಿದು ಅರೆಯುತ್ತಿದ್ದೆ. ಊಟದ ಬಿಡುವಿನಲ್ಲಿ ಫೋನು ತೆಗೆದರೆ ಅಕ್ಕನ ಹನ್ನೊಂದು ಮಿಸ್ಡ್ ಕಾಲ್. ಅಕ್ಕ ಒಂದು ಸಲ ಮಾಡಿ, ಎತ್ತದಿದ್ದರೆ ಬೈದುಕೊಂಡು ಸುಮ್ಮನಾಗುವವಳು. ಹನ್ನೊಂದು ಅಂದಾಗಲೇ ಕೋಟು ಬಿಚ್ಚದೆ ಕಾರು ಹತ್ತಿದೆ.

ಆಸ್ಪತ್ರೆಗೆ ಹೋದರೆ ಶಿವಕುಮಾರ ಫ್ಯಾಕ್ಟರಿ ಯೂನಿಫಾರ್ಮಿನಲ್ಲೇ ಲೇಬರ್ ವಾರ್ಡಿನ ಬಾಗಿಲಿಗೆ ಮುಖ ಮಾಡಿ ನಿಂತಿದ್ದ. ಅಕ್ಕ ಬೆಂಚಿನ ಮೇಲೆ, ಮಗುವಿಗೆಂದು ತಂದ ಹಳೇ ಪಂಚೆಯ ತುಂಡುಗಳನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು ಮಾಡುತ್ತಿದ್ದಳು. ಮಗು ಹುಟ್ಟಿದೆ, ಹೆಣ್ಣು, ಅಂದಳು. ಚೈತ್ರಳಿಗೆ ರಕ್ತ ನಿಲ್ಲುತ್ತಿಲ್ಲ ಅಂತ ಹೇಳಿದ್ದು ಶಿವಕುಮಾರ.

ಒಳಗೆ ಏನಾಗಿತ್ತು ಅನ್ನುವುದು ನಮಗೆ ತಿಳಿದದ್ದು ಆಮೇಲೆ. ಮಗು ನಾಲ್ಕು ಕೆ.ಜಿ. ಮುನ್ನೂರು ಗ್ರಾಂ. ತಲೆ ಹೊರಗೆ ಬಂತು, ಭುಜ ಬರಲಿಲ್ಲ. ತಾಯಿಯ ಮೂಳೆಗೆ ಸಿಕ್ಕಿಹಾಕಿಕೊಂಡಿತು. ಆ ಸ್ಥಿತಿಯಲ್ಲಿ ಡಾಕ್ಟರ ಕೈಯಲ್ಲಿರುವುದು ಬೆರಳೆಣಿಕೆಯ ನಿಮಿಷಗಳು ಮಾತ್ರ. ತಡವಾದರೆ ಮಗುವಿನ ಮಿದುಳಿಗೆ ಆಮ್ಲಜನಕ ಹೋಗುವುದಿಲ್ಲ, ಅವಸರದಲ್ಲಿ ತಲೆ ಹಿಡಿದು ಎಳೆದರೆ ಕತ್ತಿನಿಂದ ಕೈಗೆ ಹೋಗುವ ನರ ಹಿಗ್ಗುತ್ತದೆ. ಕೆಲವು ಸಲ ಎಳೆಯದಿದ್ದರೂ ಹಿಗ್ಗುತ್ತದಂತೆ. ಮಗು ಬದುಕಿ ಬಂತು. ಬಲಗೈ ಮಾತ್ರ ಭುಜದಿಂದ ಸುಮ್ಮನೆ ಜೋತಾಡುತ್ತಿತ್ತು.

ಆಮೇಲೆ ತಾಯಿಯ ಸರದಿ. ಹೆತ್ತ ಮೇಲೆ ಗರ್ಭಕೋಶ ಮುಷ್ಟಿ ಕಟ್ಟಿದ ಹಾಗೆ ಬಿಗಿಯಾಗಬೇಕು, ಆಗಲೇ ರಕ್ತ ನಿಲ್ಲುವುದು. ಅಷ್ಟು ದೊಡ್ಡ ಮಗುವನ್ನು ಹೊತ್ತು ದಣಿದಿದ್ದ ಗರ್ಭಕೋಶ ಬಿಗಿಯಾಗಲಿಲ್ಲ. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಎರಡು ಯೂನಿಟ್ ರಕ್ತ ಏರಿಸಿದರು. ಮೈಸೂರಿಗೆ ಸಾಗಿಸಬೇಕಾದರೆ ಇರಲಿ ಅಂತ ಆಂಬುಲೆನ್ಸ್ ತಂದು ಬಾಗಿಲಿಗೇ ನಿಲ್ಲಿಸಿಕೊಂಡಿದ್ದರು. ಅದರ ಹಿಂಬಾಗಿಲು ತೆಗೆದೇ ಇತ್ತು. ಆ ತೆರೆದ ಬಾಗಿಲನ್ನು ನೋಡಿಕೊಂಡು ನಾವು ಮೂವರೂ ಒಂದೂವರೆ ಗಂಟೆ ಕೂತಿದ್ದೆವು. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದು ನೆನಪಿಲ್ಲ.

ಕೊನೆಗೆ ಡಾಕ್ಟರಮ್ಮ ಹೊರಗೆ ಬಂದು ರಕ್ತ ನಿಂತಿದೆ ಅಂದರು. ಅವರ ಮುಖ ಸುಣ್ಣದ ಹಾಗಿತ್ತು. ಅಕ್ಕ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಡ್ರೈವರು ಆಂಬುಲೆನ್ಸಿನ ಬಾಗಿಲು ಮುಚ್ಚಿಕೊಂಡು ಹೋದ. ಆ ಬಾಗಿಲು ಮುಚ್ಚಿದ ಸದ್ದು ಕೇಳಿದಾಗ ಆದ ಸಮಾಧಾನ ನನಗೆ ಯಾವ ಕೇಸು ಗೆದ್ದಾಗಲೂ ಆಗಿಲ್ಲ.

ಸಮಾಧಾನ ಎಷ್ಟು ದಿನ ಇರುತ್ತದೆ ಹೇಳಿ? ಮೂರನೇ ದಿನಕ್ಕೆ 'ಯಾರ ತಪ್ಪು' ಶುರುವಾಯಿತು.

ಚೈತ್ರಳ ಅತ್ತೆ ಪುಟ್ಟತಾಯಮ್ಮ ಹಾಸಿಗೆ ಪಕ್ಕ ಕೂತು, ಮಗುವಿನ ಬಲಗೈಯನ್ನು ಎತ್ತಿ, ಬಿಟ್ಟು, ಅದು ದೊಪ್ಪನೆ ಬೀಳುವುದನ್ನು ನೋಡಿ, ತಮ್ಮ ತೀರ್ಪು ಕೊಟ್ಟರು.

"ನೋವ್ ತಡೀನಾರ್ದೆ ಕಾಲ್ ಕೂಡ್ಸ್ಕಬುಟ್ಟವ್ಳೆ ಕಣವ್ವ. ಅದ್ಕೇಯ ಕೂಸ್ನ ಕೈ ಇಂಗಾಗದೆ. ಎಣ್ ಕೂಸು, ನಾಳೆ ಇದುನ್ನ ಯಾರ್ ಕಟ್ಕಂಡಾರು?"

ಪುಟ್ಟತಾಯಮ್ಮ ಕೆಟ್ಟವರಲ್ಲ. ಸೊಸೆಗೆ ರಕ್ತ ಬೇಕು ಅಂದಾಗ ಊರಿನಿಂದ ಇಬ್ಬರನ್ನು ಎಳೆದುಕೊಂಡು ಬಂದವರು ಅವರೇ. ಆದರೆ ಹೆರಿಗೆ ವಾರ್ಡಿನಲ್ಲಿ ಈ ಮಾತು ಹೊಸದೇ? ಮಗುವಿಗೆ ಏನೇ ಆಗಲಿ, ಹೆತ್ತವಳು ಸರಿಯಾಗಿ ಮುಕ್ಕಲಿಲ್ಲ, ಕಾಲು ಕೂಡಿಸಿದಳು, ಕೂಗಾಡಿದಳು. ನೆಂಟರು ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರಾಗಿ ತಲೆಯಾಡಿಸಿದರು. ಚೈತ್ರ ಗೋಡೆ ಕಡೆ ತಿರುಗಿ ಮಲಗಿದಳು. ಎರಡು ಯೂನಿಟ್ ರಕ್ತ ಏರಿಸಿಕೊಂಡವಳಿಗೆ ವಾದ ಮಾಡುವ ಶಕ್ತಿ ಎಲ್ಲಿಂದ ಬರಬೇಕು?

ನಾನು ಏನು ಮಾಡಿದೆ? ನನಗೂ ಒಬ್ಬ ಆರೋಪಿ ಬೇಕಿತ್ತು. ಡಾಕ್ಟರಮ್ಮ ಸಿಕ್ಕರು.

ಇದಕ್ಕೆ ಒಂದು ಹಿನ್ನೆಲೆ ಇದೆ. ಎಷ್ಟೋ ವರ್ಷದ ಹಿಂದೆ ದೇವನೂರಿನ ಕಡೆಯಿಂದ ಒಬ್ಬ ತಂದೆ ನನ್ನ ಆಫೀಸಿಗೆ ಬಂದಿದ್ದರು. ಮಗಳು ಹೆರಿಗೆಯಾಗಿ ಆರು ಗಂಟೆಯಲ್ಲಿ ತೀರಿಕೊಂಡಿದ್ದಳು. ಅವರು ನನ್ನ ಹತ್ತಿರ ಬರುವ ಹೊತ್ತಿಗೆ ಎಂಟು ತಿಂಗಳಾಗಿತ್ತು. ಕೈಯಲ್ಲಿ ಇದ್ದದ್ದು ಒಂದು ಪುಟದ ಚೀಟಿ. ಪೋಸ್ಟ್ ಮಾರ್ಟಂ ಆಗಿದೆಯಾ ಅಂತ ಕೇಳಿದೆ. ಹೆತ್ತ ಮೈಯನ್ನು ಮತ್ತೆ ಕುಯ್ಯುವುದು ಬೇಡ ಅಂತ ಊರಿನವರೆಲ್ಲ ಸೇರಿ ಬರೆದುಕೊಟ್ಟು ಬಂದಿದ್ದರು. ಕೇಸ್ ಶೀಟ್ ಕೇಳಿದ್ದೀರಾ ಅಂದೆ. ಹಾಗೊಂದು ಇರುತ್ತದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಕೇಳುವ ಹೊತ್ತಿಗೆ ಅದು ಆಸ್ಪತ್ರೆಯಲ್ಲೂ ಸಿಗಲಿಲ್ಲ.

ಆ ಕೇಸು ಸೋತೆ. ಸೋತ ದಿನ ಅವರು ನನ್ನ ಮೇಲೆ ಕೂಗಾಡುತ್ತಾರೆ ಅಂದುಕೊಂಡಿದ್ದೆ. ಮೆಟ್ಟಿಲ ಹತ್ತಿರ ನಿಂತು ಇಷ್ಟೇ ಅಂದರು.

"ಯಾಕ್ ಸತ್ತೋದ್ಲು ಅಂತ ಒಂದ್ ಮಾತು ಗೊತ್ತಾಗಿದ್ರೆ ಸಾಕಾಗಿತ್ತು ಕಣವ್ವ. ಅವ್ಳ್ ಮಗಿಗೆ ಯೇಳಾಕೆ ಬೇಕಲ್ಲ."

ಬಾಣಂತಿ ಸತ್ತರೆ ಈಗ ಸರಕಾರದವರೇ ಅದರ ವಿಚಾರಣೆ ಮಾಡುತ್ತಾರೆ. ಮನೆಗೂ ಬಂದು ಕೇಳುತ್ತಾರೆ, ಆಸ್ಪತ್ರೆಯಲ್ಲೂ ಕಾಗದ ತೆಗೆಸುತ್ತಾರೆ. ಶಿಕ್ಷೆ ಕೊಡುವುದಕ್ಕಲ್ಲ, ಎಲ್ಲಿ ತಡವಾಯಿತು ಅಂತ ಹುಡುಕುವುದಕ್ಕೆ. ಮನೆಗೆ ಬಂದು ಕೇಳಿದಾಗ ನಾವು ಏನು ಹೇಳುತ್ತೇವೆ? ಹಣೆಬರಹ ಅಂದು ಕಾಫಿ ಕೊಟ್ಟು ಕಳಿಸುತ್ತೇವೆ.

ಹಾಗಾಗಿ ನನಗೆ ಕಾಗದದ ಹುಚ್ಚು ಹಿಡಿದಿದೆ. ನೆಂಟರಿಷ್ಟರಲ್ಲಿ ಯಾರು ಆಸ್ಪತ್ರೆಗೆ ಸೇರಿದರೂ ನಾನು ಹಣ್ಣು ಒಯ್ಯುವುದಿಲ್ಲ, ಕೇಸ್ ಶೀಟಿನ ಪ್ರತಿ ಕೇಳಿ ಅಂತ ಬುದ್ಧಿ ಒಯ್ಯುತ್ತೇನೆ. ರೋಗಿ ಅಥವಾ ಅವರ ಕಡೆಯವರು ಬರೆದು ಕೇಳಿದರೆ ಎಪ್ಪತ್ತೆರಡು ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ನಿಯಮವಿದೆ. ಇದು ನಿಮಗೂ ಗೊತ್ತಿರಲಿ.

ಚೈತ್ರ ಡಿಸ್ಚಾರ್ಜ್ ಆದ ದಿನವೇ ಅವಳ ಕೈಯಲ್ಲಿ ಅರ್ಜಿಗೆ ಸಹಿ ಹಾಕಿಸಿ, ಕೆಳಗೆ ನಾನೂ ಸಹಿ ಹಾಕಿ ಕೊಟ್ಟೆ. ಪ್ರತಿ ಬರುವ ತನಕ ಸುಮ್ಮನಿರಬಹುದಿತ್ತು. ಆದರೆ ಸಿಟ್ಟು ಬಿಡಬೇಕಲ್ಲ. ಎರಡೇ ದಿನದಲ್ಲಿ ನೋಟಿಸು ತಯಾರಾಯಿತು. ಮಗುವನ್ನು ಬಲವಾಗಿ ಎಳೆದಿದ್ದೀರಿ. ಸಿಸೇರಿಯನ್ ಮಾಡಬೇಕಿತ್ತು, ಮಾಡಿಲ್ಲ. ರಕ್ತ ತರಿಸಲು ತಡ ಮಾಡಿದ್ದೀರಿ. ಸಕ್ಕರೆ ಪರೀಕ್ಷೆಯನ್ನೇ ಮಾಡಿಸದೆ ನಿರ್ಲಕ್ಷಿಸಿದ್ದೀರಿ. (ಹುಟ್ಟಿದ ಮೇಲೆ ಮಗುವಿನ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಅನುಮಾನ ಬಂದು ತಾಯಿಗೆ ನೋಡಿದರೆ ಅವಳಿಗೆ ಬಸುರಿನ ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತಾಯಿತು. ಮಗು ಅಷ್ಟು ದಪ್ಪಗಿದ್ದದ್ದಕ್ಕೆ ಅದೇ ಕಾರಣ. ನಾವೋ, ಎಂಟನೇ ತಿಂಗಳ ಸ್ಕ್ಯಾನಿನಲ್ಲಿ ಮಗು ಚೆನ್ನಾಗಿ ಬೆಳೆದಿದೆ ಅಂದಾಗ ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದೆವು.) ಆ ಸಕ್ಕರೆಯ ಪ್ಯಾರಾ ನನ್ನ ನೋಟಿಸಿನ ಹೃದಯವಾಗಿತ್ತು.

ಹೇಳಿದ ಗಡುವಿನೊಳಗೇ ಪ್ರತಿ ಬಂತು. ಮೂವತ್ತೆಂಟು ಪುಟ.

ಆಫೀಸಿನ ಬಾಗಿಲು ಹಾಕಿಕೊಂಡು, ಕೆಂಪು ಪೆನ್ನು ಹಿಡಿದು ಕೂತೆ. ಸ್ವಲ್ಪ ಹೊತ್ತಿನಲ್ಲೇ ಪೆನ್ನು ಕೆಳಗಿಟ್ಟೆ. ಆ ಡಾಕ್ಟರಮ್ಮ ನಿಮಿಷ ನಿಮಿಷ ಬರೆದಿದ್ದರು. ತಲೆ ಬಂದ ಸಮಯ, ಭುಜ ಸಿಕ್ಕಿಕೊಂಡಿದೆ ಅಂತ ಕೂಗಿ ಸಹಾಯಕ್ಕೆ ಕರೆದ ಸಮಯ, ಇಬ್ಬರು ಸಿಸ್ಟರುಗಳು ತಾಯಿಯ ತೊಡೆಗಳನ್ನು ಎದೆಗೆ ಒತ್ತಿ ಹಿಡಿದದ್ದು, ಮತ್ತೊಬ್ಬರು ಕಿಬ್ಬೊಟ್ಟೆಯ ಮೇಲಿಂದ ಭುಜವನ್ನು ಒತ್ತಿದ್ದು, ಯಾವ ಭುಜ ಮೇಲಿತ್ತು ಅನ್ನುವುದು, ಎಲ್ಲ. ತಲೆ ಬಂದ ಮೂರನೇ ನಿಮಿಷಕ್ಕೆ ಮಗು ಪೂರ್ತಿ ಹೊರಗೆ. ಬಲಗೈ ಆಡುತ್ತಿಲ್ಲ ಅಂತ ಮೊದಲು ಬರೆದವರೂ ಅವರೇ. ಮುಚ್ಚಿಡುವ ಮನಸ್ಸಿದ್ದವರು ಆ ಸಾಲನ್ನು ಬರೆಯುತ್ತಾರಾ? ಮೊದಲನೇ ಪ್ಯಾರಾ ಹೋಯಿತು. ರಕ್ತಕ್ಕೆ ಫೋನು ಮಾಡಿದ ಸಮಯ ನೋಡಿದಾಗ ಮೂರನೇ ಪ್ಯಾರಾವೂ ಹೋಯಿತು.

ಇರಲಿ, ಸಕ್ಕರೆಯ ಪ್ಯಾರಾ ಇದೆಯಲ್ಲ, ಸಿಸೇರಿಯನ್ನಿನದೂ ಅದರ ಮೇಲೇ ನಿಂತಿದೆ! ಪುಟ ತಿರುವಿದೆ.

ಕೊನೆಯಲ್ಲಿ ಚೈತ್ರಳ ತಾಯಿ ಕಾರ್ಡಿನ ಜೆರಾಕ್ಸ್ ಇತ್ತು. ಬಸುರಿಯರಿಗೆ ಸರಕಾರ ಕೊಡುವ ಪುಸ್ತಕ, ಯಾವ ತಿಂಗಳು ಏನು ಪರೀಕ್ಷೆ ಆಯಿತು ಅಂತ ಅದರಲ್ಲಿ ಬರೆಯುತ್ತಾರೆ. ಅದರ ಒಳಪುಟಕ್ಕೆ ಟಿ. ನರಸೀಪುರದ ಆಸ್ಪತ್ರೆಯ ಒಂದು ಚೀಟಿಯನ್ನು ಪಿನ್ ಮಾಡಿತ್ತು. ಚೀಟಿಯಲ್ಲಿ ಹೀಗಿತ್ತು: ಗ್ಲೂಕೋಸ್ ಕುಡಿಸಲಾಗಿದೆ. ಎರಡು ಗಂಟೆ ಕಾಯಲು ತಿಳಿಸಲಾಗಿದೆ. ಜೊತೆಯಲ್ಲಿ ಬಂದವರು ಕಾಯಲು ಒಪ್ಪದೆ, ನಾಳೆ ಬಂದು ರಕ್ತ ಕೊಡುವುದಾಗಿ ಹೇಳಿ ಕರೆದುಕೊಂಡು ಹೋಗಿದ್ದಾರೆ.

ಕೆಳಗೆ ಸಹಿ. ಆ ಸಹಿ ನನ್ನದು.

ಒಂದು ನಿಮಿಷ ಏನೂ ಅರ್ಥವಾಗಲಿಲ್ಲ. ಆಮೇಲೆ ಆ ಬುಧವಾರ ಪೂರ್ತಿ ನೆನಪಿಗೆ ಬಂತು.

ಏಳನೇ ತಿಂಗಳಲ್ಲಿ ಚೈತ್ರಳಿಗೆ ಅತ್ತೆ ಮನೆಯಲ್ಲಿ ಮಡಿಲು ತುಂಬಿಸಿ ಕಳಿಸುವುದು ಅಂತ ಗೊತ್ತಾಗಿತ್ತು. ಕರೆದುಕೊಂಡು ಬರಲು ಕಾರಿದ್ದ ಚಿಕ್ಕಮ್ಮ ಅಂದರೆ ನಾನು. ಬೆಳಗ್ಗೆ ಹೊರಟೆವು. ದಾರಿಯಲ್ಲೇ ನರಸೀಪುರದ ಆಸ್ಪತ್ರೆಯಲ್ಲಿ ಆ ತಿಂಗಳ ಚೆಕಪ್ ಮುಗಿಸಿಕೊಂಡು ಬಿಳಿಗೆರೆಗೆ ಬರುವುದು ಅಂತ ಪ್ಲಾನು. ಅಲ್ಲಿ ಮೊದಲು ಹಿಮೋಗ್ಲೋಬಿನ್ನಿಗೆ ಚೈತ್ರಳ ರಕ್ತ ತೆಗೆದರು. ಆಮೇಲೆ ಒಂದು ಲೋಟ ಗ್ಲೂಕೋಸ್ ನೀರು ಕುಡಿಸಿದರು. ಆಗ ಒಂಬತ್ತೂವರೆ. ಎರಡು ಗಂಟೆ ಬಿಟ್ಟು ಇನ್ನೊಂದು ಸಲ ರಕ್ತ ಕೊಟ್ಟರೆ ಸಕ್ಕರೆ ಪರೀಕ್ಷೆ ಮುಗಿಯುತ್ತದೆ ಅಂತ ಸಿಸ್ಟರ್ ಕೌಂಟರಿನ ಹತ್ತಿರ ನನಗೆ ಹೇಳಿದರು. ಚೈತ್ರ ದೂರದ ಬೆಂಚಿನಲ್ಲಿ ಕೂತಿದ್ದಳು.

ಅಷ್ಟರಲ್ಲಿ ಅಕ್ಕನ ಫೋನು. ಬುಧವಾರ ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಮಗಳು ಹೊಸಲು ದಾಟಿ ಒಳಗೆ ಬರಬೇಕು. ಆರತಿ ತಟ್ಟೆ ಹಿಡಿದುಕೊಂಡು ನಿಂತಿದ್ದಾಳಂತೆ. ಹತ್ತೂವರೆಯೊಳಗೆ ನರಸೀಪುರ ಬಿಡಲೇಬೇಕು ಅಂತ ಆರ್ಡರು.

ನನಗೆ ರಾಹುಕಾಲದಲ್ಲಿ ನಂಬಿಕೆ ಇಲ್ಲ. ಇದೇ ಅಂಕಣದಲ್ಲಿ ಅದನ್ನು ಎಷ್ಟು ಸಲ ಗೇಲಿ ಮಾಡಿದ್ದೇನೆ ಅಂತ ನಿಮಗೇ ಗೊತ್ತು. ಅಕ್ಕನಿಗೆ ಬೈದು ಕೂತುಬಿಡಬಹುದಿತ್ತು. ಆದರೆ ಅವತ್ತು ಹನ್ನೆರಡೂವರೆಗೆ ನನ್ನದೊಂದು ಕೇಸು ಕೋರ್ಟಿನಲ್ಲಿತ್ತು. ರಾಹುಕಾಲ ಅಕ್ಕನದು, ಕೋರ್ಟಿನ ಕಾಲ ನನ್ನದು. ಎರಡೂ ಸೇರಿ ಆ ಹುಡುಗಿಯನ್ನು ಎಬ್ಬಿಸಿಕೊಂಡು ಬಂದವು. ಕೌಂಟರಿನ ಸಿಸ್ಟರ್ ಒಂದು ಚೀಟಿ ಮುಂದೆ ಇಟ್ಟು ಸಹಿ ಮಾಡಿ ಮೇಡಂ ಅಂದರು. ಮಾಡಿದೆ. ಓದಲಿಲ್ಲ. ಓದದೆ ಎಲ್ಲೂ ಸಹಿ ಹಾಕಬೇಡಿ ಅಂತ ಇಪ್ಪತ್ತೆರಡು ವರ್ಷದಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುವ ಮಹಾತಾಯಿ ನಾನು.

ನಾಳೆ ಬರುತ್ತೇವೆ ಅಂದೆನಲ್ಲ, ಯಾಕೆ ಹೋಗಲಿಲ್ಲ? ಮಡಿಲು ತುಂಬಿಸಿಕೊಂಡು ಹೊರಟವಳು ಹೆರಿಗೆಗೆ ಮೊದಲು ಮತ್ತೆ ಆ ದಿಕ್ಕಿಗೆ ಹೋಗಬಾರದಂತೆ. ಅಕ್ಕನ ಶಾಸ್ತ್ರ. ಹಾಗಾದರೆ ನಂಜನಗೂಡಿನಲ್ಲೇ ಮಾಡಿಸಬಹುದಿತ್ತಲ್ಲ? ನನಗೆ ಮರೆತೇಹೋಯಿತು. ಚೈತ್ರಳಿಗೆ ಗೊತ್ತೇ ಇರಲಿಲ್ಲ. ರಕ್ತವನ್ನೂ ಕೊಟ್ಟಿದ್ದೇನೆ, ಸಿಹಿ ನೀರನ್ನೂ ಕುಡಿದಿದ್ದೇನೆ, ಅಲ್ಲಿಗೆ ಪರೀಕ್ಷೆ ಮುಗಿಯಿತು ಅಂದುಕೊಂಡಿದ್ದಳು. ಬಿಳಿಗೆರೆಯ ಆಶಾ ಕಾರ್ಯಕರ್ತೆ ಕೇಳಿದಾಗಲೂ ಆಗಿದೆ ಅಂದಳು. ನಂಜನಗೂಡಿನ ಡಾಕ್ಟರ್ ಕೇಳಿದಾಗಲೂ ಆಗಿದೆ ಅಂದಳು. ಸುಳ್ಳು ಹೇಳಲಿಲ್ಲ, ನಾನು ಹೇಳಬೇಕಾದ್ದನ್ನು ಹೇಳಿರಲಿಲ್ಲ ಅಷ್ಟೆ.

ಮಾರನೇ ದಿನ ಆ ಚೀಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದೆ. ಒ.ಪಿ.ಡಿ. ಮುಗಿಯುವ ತನಕ ಹೊರಗೆ ಕಾದೆ. ನೋಟಿಸೂ ಬ್ಯಾಗಿನಲ್ಲೇ ಇತ್ತು. ಯಾವುದನ್ನು ಮೊದಲು ತೆಗೆಯಬೇಕು ಅಂತ ಯೋಚಿಸುತ್ತಾ ಒಳಗೆ ಹೋದೆ. ಚೀಟಿ ತೆಗೆದೆ. ಈ ಸಹಿ ನನ್ನದು ಅಂದೆ.

ಡಾಕ್ಟರಮ್ಮ ನಕ್ಕುಬಿಟ್ಟರು. ಗೊತ್ತು ಅಂದರು. ಕೇಸ್ ಶೀಟ್ ಕೇಳಿ ನಾನು ಕೊಟ್ಟ ಅರ್ಜಿಯ ಮೇಲೂ ಅದೇ ಸಹಿ ಇತ್ತಲ್ಲ, ಜೆರಾಕ್ಸ್ ಮಾಡಿಸುವಾಗಲೇ ಅವರ ಕಣ್ಣಿಗೆ ಬಿದ್ದಿತ್ತಂತೆ. ಆದರೂ ಒಂದು ಮಾತು ಆಡದೆ ಮೂವತ್ತೆಂಟು ಪುಟವನ್ನೂ ಕೊಟ್ಟಿದ್ದರು. ಆಮೇಲೆ ಅವರು ಹೇಳಿದ ಮಾತನ್ನು ನಾನು ಇನ್ನೂ ಮರೆತಿಲ್ಲ.

"ಈ ಚೀಟೀನ ನಾನೂ ಹೆರಿಗೆ ಆದ್ಮೇಲೇ ನೋಡಿದ್ದು ಮೇಡಂ. ಟೆಸ್ಟ್ ಆಗಿದ್ಯಾ ಅಂತ ಕೇಳ್ದೆ, ಆಗಿದೆ ಅಂದ್ರು, ಬರ್ಕೊಂಡೆ. ರಿಪೋರ್ಟ್ ಎಲ್ಲಿ ಅಂತ ಕೇಳ್ಲಿಲ್ಲ. ಅದು ನನ್ನ ತಪ್ಪು. ಈಗ ಎಲ್ರನ್ನೂ ಕೇಳ್ತೀನಿ."

ನೋಡಿ, ಇದು ತಪ್ಪೊಪ್ಪಿಗೆ. ಲಾಯರ್ ಆದವಳು ಈ ಮಾತನ್ನು ಹಿಡಿದುಕೊಂಡು ಕನ್ಸೂಮರ್ ಕಮಿಷನ್ನಿಗೆ ಹೋಗಬಹುದು. ಎದುರು ಪಾರ್ಟಿ ಅಷ್ಟು ಸುಲಭವಾಗಿ ಬಾಯಿ ಬಿಡುವುದೇ ಅಪರೂಪ. ಆದರೆ ಆ ಕ್ಷಣ ನನಗೆ ಆದದ್ದು ಬೇರೆ. ನನ್ನ ತಪ್ಪನ್ನು ಹಂಚಿಕೊಳ್ಳಲು ಒಬ್ಬರು ಸಿಕ್ಕರಲ್ಲ ಅಂತ ಜೀವ ಹಗುರವಾಯಿತು.

ಪರೀಕ್ಷೆ ಪೂರ್ತಿಯಾಗಿದ್ದರೆ ಇದೆಲ್ಲ ತಪ್ಪುತ್ತಿತ್ತಾ ಅಂತ ಕೇಳಿದೆ. ಬಹುಶಃ ಅಂದರು. ಸಕ್ಕರೆ ಹತೋಟಿಗೆ ತಂದಿದ್ದರೆ ಮಗು ಇಷ್ಟು ದಪ್ಪಗೆ ಆಗುತ್ತಿರಲಿಲ್ಲವೇನೋ, ದಪ್ಪಗಾಗಿದ್ದರೂ ಸಿಸೇರಿಯನ್ ಬಗ್ಗೆ ಮೊದಲೇ ಮಾತಾಡಬಹುದಿತ್ತು. ಮೂರು ಕೆ.ಜಿ. ಮಗುವಿಗೂ ಭುಜ ಸಿಕ್ಕಿಕೊಳ್ಳುವುದುಂಟು, ಖಾತ್ರಿಯಾಗಿ ಹೇಳಲಾರೆ ಅಂದರು. ಅವರ ಜಾಗದಲ್ಲಿ ನಾನಿದ್ದಿದ್ದರೆ ನಿಮ್ಮಿಂದಲೇ ಆದದ್ದು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದೆ. ಅವರು ಹೇಳಲಿಲ್ಲ.

ಕಾನೂನೂ ಸುಮಾರಾಗಿ ಅದೇ ಮಾತು ಹೇಳುತ್ತದೆ. ಕೆಟ್ಟದ್ದು ಆಯಿತು ಅಂದ ಮಾತ್ರಕ್ಕೆ ಡಾಕ್ಟರ್ ನಿರ್ಲಕ್ಷ್ಯ ಮಾಡಿದರು ಅಂತ ಆಗುವುದಿಲ್ಲ. ಅವರ ಜಾಗದಲ್ಲಿ ಇನ್ನೊಬ್ಬ ಸರಿಯಾದ ಡಾಕ್ಟರ್ ಇದ್ದಿದ್ದರೆ ಏನು ಮಾಡುತ್ತಿದ್ದರೋ ಅದನ್ನು ಇವರು ಮಾಡಿದರಾ, ಅಷ್ಟೇ ಪ್ರಶ್ನೆ. ಮಾಡದವರೂ ಇದ್ದಾರೆ. ಅವರ ಮೇಲೆ ಕೇಸು ಹಾಕಲೇಬೇಕು, ಬಂದರೆ ನಾನೇ ಹಾಕುತ್ತೇನೆ. ಆದರೆ ಮೊದಲು ಕಾಗದ ಓದಿ, ಆಮೇಲೆ ಸಿಟ್ಟು ಮಾಡಿಕೊಳ್ಳಿ. ನಾನು ಉಲ್ಟಾ ಮಾಡಿದೆ.

ಇಷ್ಟೆಲ್ಲ ಆದರೂ ಮಗುವಿನ ಕೈ ಬಂದಿರಲಿಲ್ಲ. ಮೈಸೂರಿನ ಮಕ್ಕಳ ಡಾಕ್ಟರು ನೋಡಿ, ನರ ಹಿಗ್ಗಿದೆ, ಹರಿದಂತಿಲ್ಲ, ಹೆಚ್ಚಿನ ಮಕ್ಕಳಿಗೆ ತಾನಾಗೇ ಬರುತ್ತದೆ ಅಂದಿದ್ದರು. ಮೂರು ತಿಂಗಳಾದರೂ ಮೊಣಕೈ ಮಡಿಸದಿದ್ದರೆ ಆಪರೇಷನ್ ಯೋಚನೆ ಮಾಡೋಣ ಅಂತಲೂ ಸೇರಿಸಿದ್ದರು. ಅಲ್ಲಿಂದ ನಮ್ಮ ಮನೆಯ ಕ್ಯಾಲೆಂಡರಿಗೆ ಬೇರೆ ಕೆಲಸವೇ ಇರಲಿಲ್ಲ.

ದೊಡ್ಡ ಜಗಳ ಆದದ್ದು ಎಣ್ಣೆ ನೀರಿನ ವಿಷಯಕ್ಕೆ. ನಮ್ಮ ಕಡೆ ಮಗುವಿಗೆ ಎರೆಯಲು ಅನುಭವಸ್ಥ ಅಜ್ಜಿಯೊಬ್ಬರು ಬರುತ್ತಾರೆ. ಕಾಲು ಚಾಚಿ ಕೂತು, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು, ಕೈಕಾಲು ಎಳೆದು, ತಿರುಚಿ, ನೀವಿ, ಮೂಗು ತಿದ್ದಿ, ಒಂದು ಹೊಸ ಮಗುವನ್ನೇ ತಯಾರು ಮಾಡಿ ಕೊಡುತ್ತಾರೆ. ಆ ಕೈಯನ್ನು ಎಳೆಯಲೇಬಾರದು ಅಂತ ಡಾಕ್ಟರ ಆಜ್ಞೆ. ಎಳೆದರೇ ಕೈ ಬರುವುದು ಅಂತ ಅಜ್ಜಿಯ ಆಜ್ಞೆ. ನಾನು ಬಚ್ಚಲ ಬಾಗಿಲಲ್ಲಿ ನಿಂತು ಅಜ್ಜಿಗೆ ಸೆಕ್ಷನ್ನುಗಳನ್ನು ಹೇಳಿದೆ. ಅಜ್ಜಿ ಸಿಟ್ಟುಮಾಡಿಕೊಂಡು ಎರಡು ವಾರ ಬರಲಿಲ್ಲ. ಅಕ್ಕನೇ ಎರೆದಳು. ಫಿಸಿಯೋಥೆರಪಿಯವರು ಕಲಿಸಿಕೊಟ್ಟ ಹಾಗೆ ಚೈತ್ರ ದಿನಕ್ಕೆ ಇಷ್ಟು ಸಲ ಅಂತ ಆ ಕೈಯನ್ನು ಮೆಲ್ಲಗೆ ಮಡಿಸಿ ಬಿಡಿಸುತ್ತಿದ್ದಳು. ಒಂದು ಸಲವೂ ತಪ್ಪಿಸಲಿಲ್ಲ.

ಆರನೇ ವಾರ ದಾಟಿದ ಮೇಲೆ ಚೈತ್ರಳಿಗೂ ಮತ್ತೆ ಸಕ್ಕರೆ ಪರೀಕ್ಷೆ ಮಾಡಿಸಬೇಕಿತ್ತು. ಈ ಸಲ ನಾನೇ ಕರೆದುಕೊಂಡು ಹೋದೆ. ಎರಡು ಗಂಟೆ, ಫೋನು ಆಫ್ ಮಾಡಿ, ಬೆಂಚಿನ ಮೇಲೆ ಅಲುಗಾಡದೆ ಕೂತೆ. ಅವತ್ತು ನನ್ನದೊಂದು ಕೇಸು ಮುಂದಕ್ಕೆ ಹೋಯಿತು. ಭೂಮಿ ಏನೂ ಬಿರಿಯಲಿಲ್ಲ. ಸಕ್ಕರೆ ನಾರ್ಮಲ್ ಬಂತು.

ಮಗುವಿಗೆ ಹತ್ತು ವಾರವಾಗಿದ್ದಾಗ ಒಂದು ಬೆಳಗ್ಗೆ ಅಕ್ಕ ವಿಡಿಯೋ ಕಾಲ್ ಮಾಡಿದಳು. ಮಾತಾಡಲಿಲ್ಲ, ಫೋನನ್ನು ಮಗುವಿನ ಕಡೆ ಹಿಡಿದಳು. ಮಗು ಮಲಗಿತ್ತು. ಬಲಗೈ ಹಾಸಿಗೆಯ ಮೇಲೆ ಸ್ವಲ್ಪ ಜಾರಿತು. ಬೆರಳು ಮುಷ್ಟಿಯಾಯಿತು. ಆಮೇಲೆ ಮೊಣಕೈ ಮಡಿಸಿಕೊಂಡು ಮೆಲ್ಲಗೆ ಮೇಲೆ ಬಂದು, ಕೆನ್ನೆಗೆ ಒಮ್ಮೆ ಗುದ್ದಿ, ಬಾಯಿಗೆ ಹೋಯಿತು. ಚಪ್ಪರಿಸುವುದಕ್ಕೆ ಶುರು ಮಾಡಿದಳು ಕಳ್ಳಿ. ನಾನು ಕೋರ್ಟಿನ ವರಾಂಡದಲ್ಲಿ ನಿಂತು ಎಲ್ಲರೆದುರೇ ಅತ್ತೆ. ಕೇಸು ಸೋತೆ ಅಂತ ತಿಳಿದು ಇಬ್ಬರು ಬಂದು ಸಮಾಧಾನ ಮಾಡಿದರು.

ಹೋದ ಭಾನುವಾರ ತಾಯಿ ಮಗುವನ್ನು ನರಸೀಪುರದ ಹಳ್ಳಿಗೆ ಬಿಡಲು ಹೋದೆವು. (ಹೊರಡುವ ಗಳಿಗೆಯನ್ನು ಅಕ್ಕನೇ ನೋಡಿದಳು. ಅವಳು ಬದಲಾಗುವುದಿಲ್ಲ.) ಮಗು ಈಗ ಬಲಗೈಯಲ್ಲಿ ಕರಿಮಣಿ ಸರ ಹಿಡಿದು ಎಳೆಯುತ್ತದೆ. ಎಡಗೈಯಷ್ಟು ಜೋರಿಲ್ಲ, ಬರುತ್ತದೆ. ಪುಟ್ಟತಾಯಮ್ಮ ಆರತಿ ಎತ್ತಿ, ಮೊಮ್ಮಗಳನ್ನು ಎತ್ತಿಕೊಂಡು, ಸರ ಎಳೆಸಿಕೊಂಡು, ಕಣ್ಣು ಒರೆಸಿಕೊಂಡರು. ಆಮೇಲೆ ನೋಡಲು ಬಂದಿದ್ದ ಪಕ್ಕದ ಮನೆಯವರಿಗೆ, ಸೊಸೆ ಕಾಲು ಕೂಡಿಸಿದ್ದಕ್ಕೆ ಹೀಗಾಗಿತ್ತು, ಮಾದಪ್ಪ ಕಾಪಾಡಿದ ಅಂತ ಹೇಳತೊಡಗಿದರು. ಚೈತ್ರ ಕಾಫಿ ಲೋಟ ಹಿಡಿದು ನಿಂತಿದ್ದವಳು ತಲೆ ತಗ್ಗಿಸಿದಳು.

ನನಗೆ ತಡೆಯಲಾಗಲಿಲ್ಲ. ಅಲ್ಲೇ ಕೂತು ಎಲ್ಲವನ್ನೂ ಹೇಳಿದೆ. ಗ್ಲೂಕೋಸು, ಎರಡು ಗಂಟೆ, ಚೀಟಿ, ನನ್ನ ಸಹಿ. ತಪ್ಪಿದ್ದರೆ ಅದು ನನ್ನದು, ಚೈತ್ರಳದಲ್ಲ ಅಂದೆ. ಅಕ್ಕ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. (ಅವಳಿಗೂ ಹೇಳಿರಲಿಲ್ಲ. ಹೇಳುವ ಧೈರ್ಯ ಆಗಿರಲಿಲ್ಲ.) ಪುಟ್ಟತಾಯಮ್ಮ ಒಪ್ಪಲಿಲ್ಲ. ಸಕ್ಕರೆ ಗಿಕ್ಕರೆ ಎಲ್ಲ ಇರಲಿ, ಕಾಲು ಕೂಡಿಸಿದ್ದಂತೂ ನಿಜ ತಾನೇ ಅಂದರು.

ಬ್ಯಾಗಿನಲ್ಲಿ ಕೇಸ್ ಶೀಟ್ ಇತ್ತು. ಹೆರಿಗೆಯ ಪುಟ ತೆಗೆದೆ. ಅದನ್ನು ಎಷ್ಟು ಸಲ ಓದಿದ್ದೇನೆ ಅಂತ ಲೆಕ್ಕವಿಲ್ಲ. ಮೊದಲು ಡಾಕ್ಟರ ತಪ್ಪು ಹುಡುಕಲು ಓದಿದೆ. ಆಮೇಲೆ ನನ್ನ ತಪ್ಪು ಎಷ್ಟು ದೊಡ್ಡದು ಅಂತ ಅಳೆಯಲು ಓದಿದೆ. ಅದರ ಮಧ್ಯದಲ್ಲಿ, ಕೇಸಿಗೆ ಉಪಯೋಗವಿಲ್ಲ ಅಂತ ನಾನು ಪ್ರತಿ ಸಲವೂ ದಾಟಿಕೊಂಡು ಹೋಗಿದ್ದ ಒಂದು ಸಾಲಿತ್ತು. ಅದನ್ನೇ ಕನ್ನಡ ಮಾಡಿ ಜೋರಾಗಿ ಓದಿದೆ: ಮುಕ್ಕುವುದನ್ನು ನಿಲ್ಲಿಸಲು ಹೇಳಿದಾಗ ತಾಯಿ ಕೂಡಲೇ ನಿಲ್ಲಿಸಿದರು, ಕಾಲು ಎತ್ತಿ ಹಿಡಿಯುವಾಗ ಪೂರ್ತಿ ಸಹಕರಿಸಿದರು.

ಪಕ್ಕದ ಮನೆಯವರು ಲೋಟ ಕೆಳಗಿಟ್ಟು ಎದ್ದು ಹೋದರು. ಪುಟ್ಟತಾಯಮ್ಮ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಬಲಗೈಯನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡು ಸವರಿದರು. ಆಮೇಲೆ ಸೊಸೆಯ ಕಡೆ ತಿರುಗಿದರು. ದನಿ ಇಳಿದುಹೋಗಿತ್ತು.

"ಅಂಗಾರೆ ನೀನ್ಯಾಕಮ್ಮಿ ಒಂದ್ ಮಾತೂ ಯೇಳ್ನಿಲ್ಲ?"

ಚೈತ್ರ ಸಿಟ್ಟು ಮಾಡಿಕೊಳ್ಳಲಿಲ್ಲ. ಅವಳ ಮುಖದಲ್ಲಿ ಮೂರು ತಿಂಗಳಿಂದ ನಾನು ಕಾಣದಿದ್ದ ಒಂದು ನಿರಾಳ ಇತ್ತು.

"ಯಾರ್ ಕೇಳಿದ್ರಿ ಅತ್ತೆ?"

ಮೂರು ತಿಂಗಳು ನಡೆದ ವಿಚಾರಣೆಯಲ್ಲಿ ಆರೋಪಿಯ ಹೇಳಿಕೆಯನ್ನೇ ಯಾರೂ ಪಡೆದಿರಲಿಲ್ಲ, ಮನೆಯಲ್ಲೇ ಇದ್ದ ಲಾಯರೂ ಸೇರಿ.